ಅಡುಗೆಮನೆಯ ಹೊಸ್ತಿಲಲ್ಲಿ ಚಪ್ಪಲಿ

ವಿಜಯನಗರದ ನಮ್ಮ ಮನೆ ಸಣ್ಣ ಸೈಟಿನದು. ದೇವರಿಗೆ ಬೇರೆ ಕೋಣೆ ಬಿಡಲು ಜಾಗವಿಲ್ಲದೆ ಅಡುಗೆಮನೆಯ ಗೋಡೆಯಲ್ಲೇ ಗೂಡು ಮಾಡಿಸಿದ್ದೆವು. ಕಟ್ಟಿಸುವಾಗ ಅದು ದೊಡ್ಡ ಜಾಣತನ ಅನ್ನಿಸಿತ್ತು. ನನ್ನ ಸಕ್ಕರೆ ಕಾಯಿಲೆ ಕಾಲಿಗಿಳಿದ ಮೇಲೆ ಆ ಗೂಡೇ ನನ್ನನ್ನು ಇಕ್ಕಟ್ಟಿಗೆ ಸಿಕ್ಕಿಸಿತು.

ರಾಜಾಜಿನಗರದ ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ನನ್ನ ಕಣ್ಣು ಮುಚ್ಚಿಸಿ, ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಒತ್ತುತ್ತೇನೆ, ತಾಗಿದಾಗ ಹೇಳಿ ಎಂದಿದ್ದರು. ಕಾಯುತ್ತಲೇ ಇದ್ದೆ. ಇನ್ನೂ ಶುರು ಮಾಡಿಲ್ಲವೇ ಎಂದು ಕೇಳಿದರೆ ಮುಗಿಯಿತು ಅಂದರು. ಇನ್ನು ಗಾಯವಾದರೂ ನಿಮಗೆ ತಿಳಿಯುವುದಿಲ್ಲ, ಹುಣ್ಣು ಕೆಟ್ಟರೆ ಕಾಲೇ ಹೋಗಬಹುದು, ದಿನವೂ ಅಂಗಾಲು ನೋಡಿಕೊಳ್ಳಿ ಎಂದರು. ಕೊನೆಗೆ ಒಂದು ಮಾತು: “ಅಮ್ಮಾ, ಮನೆ ಒಳಗೂ ಬರಿಗಾಲಲ್ಲಿ ಓಡಾಡ್ಬೇಡಿ.”

ಮೆತ್ತನೆಯ ನೀಲಿ ಚಪ್ಪಲಿ ತಂದೆ. ಹಾಲ್, ಮಲಗುವ ಕೋಣೆ, ಬಚ್ಚಲು, ಎಲ್ಲ ಕಡೆ ಅದು ನಡೆಯಿತು. ಅಡುಗೆಮನೆಯ ಹೊಸ್ತಿಲಲ್ಲಿ ಅತ್ತೆ ತಡೆದರು. ದಾವಣಗೆರೆ ಕಡೆಯವರು, ಪೂಜೆಯಾಗದೆ ಗುಟುಕು ನೀರೂ ಕುಡಿಯದವರು. “ದೇವ್ರ ಮುಂದ ಚಪ್ಪಲಿ ಹಾಕ್ಕಂಡು ನಿಂದ್ರತೀಯೇನವ್ವ?” ಎಂದು ಮೆಲ್ಲಗೆ ಕೇಳಿದರು. ಜಗಳವಾಡಿದ್ದರೆ ನಾನೂ ಆಡಬಹುದಿತ್ತು. ಗಂಡನಿಗೆ ಹೇಳಿದರೆ, ನಿಮ್ಮಿಬ್ಬರ ನಡುವೆ ನಾನು ಬರುವುದಿಲ್ಲ ಎಂದು ಪೇಪರಿನೊಳಗೆ ಮುಖ ಹುದುಗಿಸಿದರು. ದೊಡ್ಡ ನ್ಯಾಯಾಧೀಶರು! ಒಳಗೆ ಹೋದರೆ ಡಾಕ್ಟರ ಮಾತು ಮೀರಬೇಕು, ಹೋಗದಿದ್ದರೆ ಮನೆಯವರು ಉಪವಾಸ. ಹೊಸ್ತಿಲ ಬಳಿ ಚಪ್ಪಲಿ ಬಿಟ್ಟು ಒಳಗೆ ಹೋದೆ. ದಿನವೂ ಹಾಗೇ ಹೋದೆ.

ಒಂದು ಸೋಮವಾರ ಅತ್ತೆ ಗೂಡಿಗೆ ಧೂಪ ಹಾಕಿ ಹೊರಗೆ ಹೋದರು. ನಾನು ಒಲೆಯ ಮುಂದೆ ನಿಂತು ಪಲ್ಯಕ್ಕೆ ಒಗ್ಗರಣೆ ಹಾಕುತ್ತಿದ್ದೆ. ಏನೋ ಸುಡುವ ವಾಸನೆ ಬಂತು. ಬಾಣಲೆ ನೋಡಿದೆ, ಉರಿ ಸಣ್ಣದು ಮಾಡಿದೆ, ಮಸಿಬಟ್ಟೆ ಕೊಡವಿದೆ. ವಾಸನೆ ಹೋಗಲಿಲ್ಲ. ಬಾಗಿಲಿಗೆ ಬಂದ ಅತ್ತೆ ನನ್ನ ಕಾಲ ಕಡೆ ಬೆರಳು ತೋರಿಸಿದರು. ಧೂಪದಿಂದ ಸಿಡಿದು ಬಿದ್ದಿದ್ದ ಕೆಂಡದ ಮೇಲೆ ನಾನು ಬಲಗಾಲೂರಿ ನಿಂತಿದ್ದೆ.

ಸುಟ್ಟ ಗಾಯ ಆಳಕ್ಕೆ ಇಳಿದಿತ್ತು. ಕಾಲು ಉಳಿಸಲು ನೋಡೋಣ ಎಂದ ಡಾಕ್ಟರಮ್ಮ, ನೆಲಕ್ಕೆ ಊರಲೇಬೇಡಿ ಎಂದು ಕಟ್ಟು ಹಾಕಿ ಕಳಿಸಿದರು. ಹಾಲ್‌ನ ದಿವಾನದ ಮೇಲೆ ನನ್ನನ್ನು ಮಲಗಿಸಿದರು. ಅಲ್ಲಿಂದ ಅಡುಗೆಮನೆಯ ಬಾಗಿಲು ನೇರ ಕಾಣುತ್ತದೆ. ಗಂಡ ಒಳಗೆ ಡಬ್ಬಿಗಳನ್ನು ತಡಕಾಡುವ ಸದ್ದು ಕೇಳಿಸಿಕೊಂಡು ಮಲಗಿರುತ್ತಿದ್ದೆ.

ಒಂದು ಮಧ್ಯಾಹ್ನ ಅತ್ತೆ ನನ್ನ ನೀಲಿ ಚಪ್ಪಲಿ ತೊಳೆದು ಒರೆಸಿ ತಂದರು. ದಿವಾನದ ಪಕ್ಕ ಜೋಡಿಸಿಟ್ಟು, “ಇನ್ಮ್ಯಾಲೆ ಹಾಕ್ಕಂಡೇ ಒಳಗ ಬಾರವ್ವ” ಅಂದರು. ನನಗೆ ಸಿಟ್ಟು ನೆತ್ತಿಗೇರಿತು. ಯಾವ ಕಾಲಿಗೆ ಹಾಕಿಕೊಳ್ಳಲಿ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅವರು ನೆಲದ ಮೇಲೆ ಕೂತು, ಕಟ್ಟಿಲ್ಲದ ನನ್ನ ಎಡಗಾಲನ್ನು ಮಡಿಲಿಗೆ ಎಳೆದುಕೊಂಡರು. ಕನ್ನಡಕ ಏರಿಸಿಕೊಂಡು ಬೆರಳುಗಳ ಸಂದು ನೋಡಿದರು, ಅಂಗಾಲು ಸವರಿದರು. ಹಬ್ಬಹಬ್ಬಕ್ಕೂ ನಾನು ಬಗ್ಗಿ ಕಾಲು ಮುಟ್ಟುತ್ತಿದ್ದ ಹಿರಿಯರು. ಬೇಡ ಅತ್ತೆ ಎಂದು ಎಳೆದುಕೊಳ್ಳಲು ಹೋದರೆ ಬಿಡಲಿಲ್ಲ. ಅವರು ಅಳುತ್ತಿದ್ದರು. ಅವರ ಕೈ ನನ್ನ ಕಾಲ ಮೇಲೆ ಆಡುತ್ತಿರುವುದು ಕಣ್ಣಿಗೆ ಕಂಡಿದ್ದರಿಂದಷ್ಟೇ ನನಗೆ ಗೊತ್ತಾಯಿತು; ಕಾಲಿಗೆ ಏನೂ ತಾಗಲಿಲ್ಲ.