ಮಾಂತ್ರಿಕನ ಜೀವ

ಇವತ್ತು ಮಧ್ಯಾಹ್ನ ಶಿರಾಳಕೊಪ್ಪದ ನಮ್ಮ ಮನೆಯಲ್ಲಿ ಮಗಳ ಜೊತೆ ಮಾಯಾಜಾಲದ ಸಿನಿಮಾ ನೋಡುತ್ತಿದ್ದೆ. ಮಾಂತ್ರಿಕ ಕಣ್ಣು ಬಿಟ್ಟರೆ ಸಾಕು, ಊರಿಗೆ ಊರೇ ಕಲ್ಲಾಗುತ್ತಿತ್ತು. “ಇವ್ನ ಜೀವ ಎಲ್ಲಿರುತ್ತಮ್ಮ?” ಅಂದಳು ಮಗಳು.

ಚಿಕ್ಕವಳಿದ್ದಾಗ ಹೊಸಬಾಳೆಯ ತವರುಮನೆಯಲ್ಲಿ ನಾನೂ ಇದನ್ನೇ ಹುಡುಕಿದ್ದೆ. ಅಂಥದೇ ಒಂದು ಸಿನಿಮಾದಲ್ಲಿ ಮಾಂತ್ರಿಕನ ಜೀವ ಗಿಳಿಯೊಳಗಿತ್ತು; ಗಿಳಿಯ ಕತ್ತು ಹಿಸುಕಿದ್ದೇ ಅವನು ಸತ್ತುಬಿದ್ದ. ಆಗಲೇ ಅಂಗಳದಲ್ಲಿ ಅಪ್ಪನ ಕೆಮ್ಮು ಕೇಳಿಸಿತು. ಅಮ್ಮ ಟಿವಿಯ ಸದ್ದು ತಗ್ಗಿಸಿದಳು. ಅಜ್ಜಿ, ಅಪ್ಪನನ್ನು ಹೆತ್ತವಳೇ, ಚಾಚಿದ್ದ ಕಾಲು ಮಡಚಿಕೊಂಡಳು. ನಮ್ಮ ಮನೆಯಲ್ಲಿ ಕಲ್ಲಾಗಲು ಮಂತ್ರ ಬೇಕಿರಲಿಲ್ಲ.

ಅಮ್ಮನಿಗೆ ಹೊಡೆಯುವ ಮುಂಚೆ ಅಪ್ಪ ವಾಚು ಬಿಚ್ಚಿ, ಒರೆಸಿ, ಗೋಡೆಯ ಗೂಡಿನಲ್ಲಿ ಜೋಪಾನವಾಗಿ ಇಡುತ್ತಿದ್ದ. ಅವನ ಜೀವ ಅದರಲ್ಲೇ ಇದೆ ಎಂದು ನನಗೆ ಖಾತ್ರಿಯಾಯಿತು. ಮರುದಿನ ಅವನು ಸ್ನಾನಕ್ಕೆ ಹೋದಾಗ ಒಂದು ಕೈಯಲ್ಲಿ ವಾಚು, ಇನ್ನೊಂದರಲ್ಲಿ ಗುಂಡುಕಲ್ಲು ಹಿಡಿದು ಅಜ್ಜಿಯ ಮುಂದೆ ನಿಂತೆ.

“ಅಜ್ಜೀ, ಅಪ್ಪನ ಜೀವ ಇದ್ರಾಗೈತೆ. ಜಜ್ಜಿಬಿಡ್ಲಾ?”

ಅಜ್ಜಿ ಬಯ್ಯಲಿಲ್ಲ. ವಾಚನ್ನು ಸೆರಗಿನಿಂದ ಒರೆಸಿ, ಗೂಡಿನಲ್ಲಿಟ್ಟು ಬಂದು ಕೂತಳು.

“ಇದ್ರಾಗಿಲ್ಲ ಕಣೇ. ನಿಮ್ಮಜ್ಜಂದು ನಾನೂ ಹುಡ್ಕಿದ್ದೆ. ಅವ್ರು ಸಾಯೋತನ್ಕ ಸಿಗ್ಲಿಲ್ಲ.”

ಇವತ್ತು ಮಗಳಿಗೆ ಏನೋ ಉತ್ತರ ಹೇಳಬೇಕು ಅನ್ನುವಷ್ಟರಲ್ಲಿ ಒಳಕೋಣೆಯಿಂದ ಅಪ್ಪ ಕೆಮ್ಮಿದ. ಲಕ್ವ ಹೊಡೆದ ಮೇಲೆ ನಮ್ಮಲ್ಲಿಗೇ ಬಂದು ಮಲಗಿದವನು. ಮಗ್ಗುಲು ಬದಲಿಸಲೂ ನಾನೇ ಬೇಕು. ನನ್ನ ಕೈ ತಾನಾಗಿ ಟಿವಿಯ ಸದ್ದು ತಗ್ಗಿಸಿತು.

ಪಕ್ಕದಲ್ಲಿ ಮಗಳು ಚಾಚಿದ್ದ ಕಾಲು ಮಡಚಿಕೊಂಡಳು.