ನೀಲಿ ಬಾಗಿಲು ಮತ್ತು ಖಾಲಿ ಭೂಮಿ

ಲಂಡನ್ನಿಗೆ ಬಂದ ಮೊದಲ ವರ್ಷ ನಾನೊಂದು ಮನೆಯನ್ನು ವಶಪಡಿಸಿಕೊಂಡಿದ್ದೆ. ಗಾಬರಿಯಾಗಬೇಡಿ, ಫೋಟೋದಲ್ಲಿ ಮಾತ್ರ. ಇಲ್ಫರ್ಡ್‌ನಲ್ಲಿ ನಾನಿದ್ದದ್ದು ಯಾರದೋ ಮನೆಯ ಹಿಂಬದಿಯ ಕೋಣೆಯಲ್ಲಿ. ಅದರ ಚಿತ್ರ ಕುಂದಾಪುರಕ್ಕೆ ಕಳಿಸುವಂತಿರಲಿಲ್ಲ. ಪಕ್ಕದ ಬೀದಿಯ ನೀಲಿ ಬಾಗಿಲಿನ ಮನೆಯೊಂದರ ಗೇಟು ಹಿಡಿದು ನಿಂತು ಫೋಟೋ ತೆಗೆಸಿಕೊಂಡೆ. ಫೋಟೋದ ಬೆನ್ನಿಗೆ 'ನಮ್ಮ ಮನೆ' ಎಂದು ಬರೆದು ಅಮ್ಮನಿಗೆ ಕಳಿಸಿದೆ. ನಮ್ಮ ಕಡೆಯಿಂದ ಬಂದವರಲ್ಲಿ ಹೀಗೆ ಮಾಡದವರು ಕಡಿಮೆ. ಕೆಲವರು ಕಂಡವರ ಕಾರಿಗೂ ಒರಗುತ್ತಾರೆ.

ಈಗ ನಾನು ಲಂಡನ್ನಿನ ಇನ್ನೊಂದು ಮೂಲೆಯ ಫೆಲ್ಥಮ್‌ನಲ್ಲಿ ಚರಿತ್ರೆಯ ಮೇಷ್ಟ್ರು. ಗಾಡಿ ಕಟ್ಟಿಕೊಂಡು ಅಮೆರಿಕದ ಪಶ್ಚಿಮಕ್ಕೆ ಹೊರಟವರ ಪಾಠ ಮಾಡುತ್ತೇನೆ. ಪಠ್ಯಪುಸ್ತಕ ಸಾಲದು, ಆ ಕಾಲದ ಕಾಗದ, ದಿನಚರಿ, ನಕ್ಷೆ, ಒಪ್ಪಂದಗಳನ್ನೇ ಮಕ್ಕಳ ಕೈಗೆ ಕೊಡಬೇಕು. ಯಾರು ಬರೆದರು, ಯಾರಿಗೆ, ಏನನ್ನು ಬಿಟ್ಟರು ಎಂದು ಕೇಳಬೇಕು. ಮೂಲನಿವಾಸಿಗಳು ಬದುಕುತ್ತಿದ್ದ ನೆಲದಿಂದಲೇ 'ಇಲ್ಲಿ ಭೂಮಿ ಖಾಲಿ ಬಿದ್ದಿದೆ' ಎಂದು ಊರಿಗೆ ಬರೆದ ಧಾಟಿಯ ಕಾಗದ ಸಿಕ್ಕರೆ ನನಗೆ ಹಬ್ಬ. ಊರಿಗೆ ಬರೆದ ಸುಳ್ಳುಗಳನ್ನು ಬಯಲು ಮಾಡುವುದರಲ್ಲಿ ನಾನು ಬಹಳ ನಿಷ್ಠುರ.

ಮೊನ್ನೆ ಇಂಥ ಪ್ರಶ್ನೆ ಕೇಳುವ ಅಭ್ಯಾಸಕ್ಕೆಂದು ನನ್ನ ಬಳಿಯಿದ್ದ ಆ ಫೋಟೋದ ಪ್ರತಿಯನ್ನೇ ತರಗತಿಯಲ್ಲಿ ದೊಡ್ಡದಾಗಿ ತೋರಿಸಿದೆ. 'ನನ್ನ ಮೊದಲ ಮನೆ' ಎಂದೇ ಹೇಳಿದೆ, ನೋಡಿ ನನ್ನ ಧೈರ್ಯ! ಮುಂದೆ ಕೂತಿದ್ದ ಝೈನಬ್ ಎಂಬ ಹುಡುಗಿ ಕೇಳಿದಳು: "ಸರ್, ಕಿಟಕಿಯಲ್ಲಿರೋ ಲೇಡಿ ಯಾರು?"

ಇಷ್ಟು ವರ್ಷ ನಾನು ಆ ಫೋಟೋದಲ್ಲಿ ನನ್ನನ್ನಷ್ಟೇ ನೋಡಿಕೊಂಡಿದ್ದೆ. ಕರ್ಟನ್ ಸರಿಸಿ ವಯಸ್ಸಾದ ಹೆಂಗಸೊಬ್ಬರು, ತಮ್ಮ ಗೇಟು ಹಿಡಿದು ಹಲ್ಲು ಕಿರಿಯುತ್ತಿದ್ದ ನನ್ನನ್ನು ದಿಟ್ಟಿಸುತ್ತಿದ್ದರು. ಇಡೀ ತರಗತಿ ನಕ್ಕಿತು. ನನಗೆ ನಾಚಿಕೆಯಾಯಿತು.

ನಾಚಿಕೆಗಿಂತ ಹೆಚ್ಚಾಗಿ ಭಯ. ಮುಂದಿನ ವಾರ ಅಮ್ಮ ಮೊದಲ ಬಾರಿಗೆ ಲಂಡನ್ನಿಗೆ ಬರುವವರಿದ್ದರು. "ಆ ನೀಲಿ ಬಾಗಿಲಿನ್ ಮನಿ ಒಂದ್ಸಲ ಕಾಣ್ಕ್" ಎಂದು ಆಸೆಪಟ್ಟಿದ್ದರು. ಅವರೆದುರು ಸುಳ್ಳನಾಗಿ ನಿಲ್ಲುವುದಕ್ಕಿಂತ ಮೊದಲೇ ಹೇಳಿಬಿಡೋಣವೆಂದು ಊಟದ ಬಿಡುವಿನಲ್ಲಿ ಫೋನ್ ಮಾಡಿ ಎಲ್ಲ ಒಪ್ಪಿಕೊಂಡೆ.

"ಗೊತ್ತಿತ್ತ್ ಮಗಾ" ಎಂದರು ಅಮ್ಮ. "ಫ್ರೇಮ್ ಹಾಕ್ಸುವತಿಗೆ ಆ ಹೆಂಗ್ಸಿದ್ದ್ ಬದಿ ನಾನೇ ಕತ್ತರ್ಸಿದೆ. ಬಂದವ್ರ್ ಅದ್ಯಾರ್ ಅಂದ್ ಕೇಂಡ್ರೆ ಎಂತ ಹೇಳುದ್?"

ಮಗ ಗೇಟು ಹಿಡಿದ, ತಾಯಿ ನಕ್ಷೆ ತಿದ್ದಿದಳು. ಭೂಮಿ ಖಾಲಿಯಾಗುವುದು ಹೀಗೆಯೇ ಇರಬೇಕು, ಮಗನ ಮೇಲಿನ ಪ್ರೀತಿಯಿಂದ, ಒಂದು ಕತ್ತರಿಯಿಂದ.

"ತುಂಡ್ ಬಿಸಾಕ್ಲಿಲ್ಲ" ಎಂದರು ಮತ್ತೆ. "ಬಪ್ಪತಿಗೆ ತತ್ತೆ. ಅವ್ರಿಗೆ ಕೊಡುವ. ಮಿಡಿ ಉಪ್ಪಿನಕಾಯಿಯೂ ಇತ್ತ್."

ನಾನು ಓದಿಸುವ ದಾಖಲೆಗಳಲ್ಲಿ ಹೀಗೆ ಕತ್ತರಿಸಿದ್ದನ್ನು ತಂದು ಮನೆಯವರಿಗೇ ಹಿಂದಿರುಗಿಸಲು ಹೋದವರ ಕಾಗದ ಇನ್ನೂ ಸಿಕ್ಕಿಲ್ಲ. ಅಮ್ಮ ಬಂದ ಮೇಲೆ ಶನಿವಾರ ಇಬ್ಬರೂ ಇಲ್ಫರ್ಡ್‌ಗೆ ಹೋಗಿ ಬೆಲ್ ಒತ್ತಬೇಕು. ಆ ಮನೆ ಖಾಲಿಯಾಗಿರದಿರಲಿ ಎಂದು ನಾನು ಬೇಡಿಕೊಳ್ಳುತ್ತಿರುವುದು ಇದೇ ಮೊದಲು.