ಪಂಪಣ್ಣನ ಕಿವಿ

ಬೆಳಗಿನ ಆರು ಗಂಟೆ. ತಗಡಿನ ಶೆಡ್ಡಿನಲ್ಲಿ ಐವತ್ತು ವರ್ಷ ಹಳೆಯ ಟ್ರ್ಯಾಕ್ಟರೊಂದು ಬಾನೆಟ್ ತೆರೆದು ನಿಂತಿದೆ. ಪಂಪಣ್ಣ ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತುತ್ತಾರೆ. ಮೊದಲು ನೊರೆ, ಆಮೇಲೆ ಗುಳ್ಳೆ, ಕೊನೆಗೆ ಬರಿಯ ಡೀಸೆಲ್. ಸ್ಕ್ರೂ ಬಿಗಿಯುತ್ತಾರೆ. "ಪೈಪಲ್ಲಿ ಒಂಚೂರು ಗಾಳಿ ಸೇರ್ಕೊಂಡ್ರೆ ಮುಗೀತು, ಗಾಡಿ ಮುಷ್ಕರ ಹೂಡುತ್ತೆ" ಎಂದು ನನ್ನತ್ತ ನೋಡಿ ನಗುತ್ತಾರೆ.

ಹೆತ್ತವರಿಟ್ಟ ಹೆಸರು ಬೇರೆ. ಡೀಸೆಲ್ ಪಂಪಿನ ರಿಪೇರಿಗೆ ಕೈಹಾಕಿ ನಲವತ್ತೊಂದು ವರ್ಷವಾದ ಮೇಲೆ ಆ ಹೆಸರು ಹೆಂಡತಿಗೂ ಮರೆತಂತಿದೆ. ಟ್ಯಾಂಕಿನ ಡೀಸೆಲ್ ತನ್ನಷ್ಟಕ್ಕೆ ಇಳಿದು ಗಾಜಿನ ಬಟ್ಟಲಿಗೆ ಬರುತ್ತದೆ. ನೀರು, ಕಸ ಅಲ್ಲೇ ತಳ ಸೇರುತ್ತವೆ. ಫಿಲ್ಟರ್ ದಾಟಿದ್ದನ್ನು ಪಂಪು ಸಣ್ಣ ಕೊಳವೆಗಳಲ್ಲಿ ನೂಕುತ್ತದೆ. ತುದಿಯ ನಾಜಲ್ ಅದನ್ನು ಮಂಜಿನಂತೆ ಎಂಜಿನ್ನಿನೊಳಗೆ ಚಿಮ್ಮಿಸಬೇಕು. ಒಂದು ಕಾಲಕ್ಕೆ ದಿನಕ್ಕೆ ಹನ್ನೆರಡು ನಾಜಲ್ ಅವರ ಕೈಗೆ ಬರುತ್ತಿದ್ದವು. ಈಗ ಎರಡೋ ಮೂರೋ.

ನಾಜಲನ್ನು ಪರೀಕ್ಷೆಯ ಪಂಪಿಗೆ ಸಿಕ್ಕಿಸಿ ಹಿಡಿಕೆ ಒತ್ತಿದರೆ, ಒಳ್ಳೆಯದು ಕಿರ್ ಕಿರ್ ಎನ್ನುತ್ತದೆ. ಪಂಪಣ್ಣ ಇದಕ್ಕೆ 'ಮಾತಾಡೋದು' ಎನ್ನುತ್ತಾರೆ. ಕೆಟ್ಟದ್ದು ಸುಮ್ಮನೆ ತೊಟ್ಟಿಕ್ಕುತ್ತದೆ. ಅವರು ಒತ್ತಡ ತೋರಿಸುವ ಗೇಜು ನೋಡಿದವರೇ ಅಲ್ಲ, ಕಿವಿಯನ್ನೇ ನಂಬಿದವರು. ಆ ಕಿವಿ ಎರಡು ವರ್ಷದಿಂದ ಕೈಕೊಟ್ಟಿದೆ. ಎಂಜಿನ್ನುಗಳ ಗದ್ದಲವೇ ಅದನ್ನು ತಿಂದುಹಾಕಿದ್ದು. ಅವರು ಯಾರಿಗೂ ಹೇಳಲಿಲ್ಲ.

ಕಳೆದ ವರ್ಷ, ಬಾಡಿಗೆಗೆ ಹೊಲ ಉಳುವ, ಮೂವತ್ತು ವರ್ಷಗಳಿಂದ ಒಡನಾಡಿದ ಗೆಳೆಯರೊಬ್ಬರು ತಮ್ಮ ಟ್ರ್ಯಾಕ್ಟರಿನ ನಾಜಲ್ ತಂದರು. ಪಂಪಣ್ಣ ಹಿಡಿಕೆ ಒತ್ತಿ, "ಮಾತಾಡ್ತಿದೆ, ತಗೊಂಡ್ ಹೋಗು" ಎಂದರು.

"ಸುಳ್ಳು ಹೇಳ್ಲಿಲ್ಲ ನಾನು. ಕೇಳಿಸ್ತು ಅಂತಲೇ ಅನ್ಕೊಂಡೆ. ನಲ್ವತ್ತು ವರ್ಷ ಕೇಳಿದ ಸದ್ದು ತಲೇಲೇ ಕೂತಿರುತ್ತಲ್ಲ" ಎನ್ನುತ್ತಾರೆ.

ನಾಜಲ್ ತೊಟ್ಟಿಕ್ಕಿ ತೊಟ್ಟಿಕ್ಕಿ ಪಿಸ್ಟನ್ ಸುಟ್ಟು ತೂತಾಯಿತು. ಉಳುಮೆಯ ಹೊತ್ತಿಗೇ ಗಾಡಿ ಮೂಲೆ ಸೇರಿತು. ಸುದ್ದಿ ಬೇರೆಯವರ ಬಾಯಿಂದ ಬಂತು. ಗೆಳೆಯ ಜಗಳಕ್ಕೂ ಬರಲಿಲ್ಲ, ಆಮೇಲೆ ಶೆಡ್ಡಿನ ಕಡೆ ತಲೆಯನ್ನೂ ಹಾಕಲಿಲ್ಲ.

ಈಗ ಪರೀಕ್ಷೆಗೆ ಹೆಂಡತಿ ಪಕ್ಕದಲ್ಲಿ ಕೂರುತ್ತಾರೆ. ನಾಜಲ್ ಸದ್ದು ಮಾಡಿದರೆ ಗಂಡನ ಭುಜ ತಟ್ಟುತ್ತಾರೆ. "ಮದ್ವೆಯಾದಾಗಿಂದ ನನ್ ಮಾತು ಕೇಳ್ದೋರಲ್ಲ ಇವ್ರು. ಈಗ ನಾಜಲ್ ಮಾತಿಗೂ ನಾನೇ ಬೇಕು" ಎನ್ನುವಾಗ ಅವರ ಕಣ್ಣು ತುಂಬಿರುತ್ತದೆ. ನಗಬೇಕೋ ಅಳಬೇಕೋ ನನಗೆ ತಿಳಿಯುವುದಿಲ್ಲ.

ನಿಮಗೇನಾದರೂ ಆಸೆ ಇದೆಯೇ ಎಂದು ಕಾಗದದ ಮೇಲೆ ಬರೆದು ಕೇಳುತ್ತೇನೆ. ಪಂಪಣ್ಣ ಓದಿ, ಗೆಳೆಯ ಬರುತ್ತಿದ್ದ ರಸ್ತೆಯ ಕಡೆ ನೋಡುತ್ತಾರೆ.

"ಅವ್ನು ಒಂದ್ಸಲ ಬಂದು ಬಾಯಿಗೆ ಬಂದಂಗೆ ಬೈದು ಹೋಗ್ಲಿ. ನಂಗೆ ಕೇಳ್ಸದಿದ್ರೂ ಪರ್ವಾಗಿಲ್ಲ. ಎದುರಿಗೆ ನಿಂತಿರ್ತಾನಲ್ಲ, ಸಾಕು."